ಇಂಜೆಕ್ಟರಿನ ಎರಡು ಉಂಗುರ

ಅಂತರಸಂತೆ ದಾಟಿ ಬಾವಲಿ ಕಡೆಗೆ ಹೊರಟರೆ ದಮ್ಮನಕಟ್ಟೆಯಿಂದಾಚೆ ನಾಗರಹೊಳೆಯ ಕಾಡು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್. ಹಗಲಲ್ಲೂ ಅಲ್ಲಿ ಇಂಜಿನ್ ಮಿಸ್ಸಿಂಗ್ ಹೊಡೆದು ನಿಂತರೆ ಇಳಿದು ಬಾನೆಟ್ ಎತ್ತುವಂತಿಲ್ಲ. ಈ ದಾರಿಯಲ್ಲಿ ಓಡಾಡುವ ಕಾರಿಗೆ ಇಂಜೆಕ್ಟರ್ ಕೂರಿಸುವಾಗ ಮಾಲೀಕರೂ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು.

ಇಂಜಿನ್ನಿನ ಮೇಲೆ ಅಡ್ಡಲಾಗಿ ಕೂತ ಕೊಳವೆಯೇ ಫ್ಯೂಯಲ್ ರೈಲ್. ಟ್ಯಾಂಕಿನೊಳಗಿನ ಪಂಪು ಅದರಲ್ಲಿ ಪೆಟ್ರೋಲನ್ನು ಸುಮಾರು 3–4 ಬಾರ್ ಒತ್ತಡದಲ್ಲಿ ತುಂಬಿಡುತ್ತದೆ. ಕೆಚ್ಚಲಿಗೆ ನಾಲ್ಕು ಮೊಲೆಗಳಿದ್ದಂತೆ ರೈಲಿಗೆ ನಾಲ್ಕು ಇಂಜೆಕ್ಟರು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದೂ ಸೆಕೆಂಡಿಗೆ 25 ಸಲ, ಪ್ರತಿ ಸಲ ಕೆಲವೇ ಮಿಲಿಸೆಕೆಂಡು, ಬಾಯಿ ತೆರೆದು ಮುಚ್ಚುತ್ತದೆ.

ಇಷ್ಟು ಸೂಕ್ಷ್ಮದ ಕೆಲಸವೆಲ್ಲ ನಿಂತಿರುವುದು ಪ್ರತಿ ಇಂಜೆಕ್ಟರಿನ ಎರಡು ರಬ್ಬರು ಉಂಗುರಗಳ, ಅಂದರೆ ಓ-ರಿಂಗುಗಳ ಮೇಲೆ. ಮೇಲಿನದು ಪೆಟ್ರೋಲ್ ಹೊರಬರದಂತೆ ತಡೆಯುತ್ತದೆ. ಅದು ಸೋರಿದರೆ ಬಿಸಿ ಇಂಜಿನ್ನಿಗೆ ಬೆಂಕಿ. ಕೆಳಗಿನದು ಮ್ಯಾನಿಫೋಲ್ಡಿಗೆ ಕಳ್ಳಗಾಳಿ ನುಗ್ಗದಂತೆ ಕಾಯುತ್ತದೆ. ಅದು ಹರಿದರೆ ಐಡ್ಲಿಂಗ್ ತಾಳ ತಪ್ಪುತ್ತದೆ, ಮೆಕ್ಯಾನಿಕ್ಕು ಪ್ಲಗ್ಗು, ಕಾಯಿಲು ಎಂದು ಊರೆಲ್ಲ ಹುಡುಕುತ್ತಾನೆ. ಹಳೆಯ ರಿಂಗನ್ನೇ ಮತ್ತೆ ಹಾಕುವ ಉಳಿತಾಯ ನನಗಂತೂ ಒಪ್ಪಿಗೆಯಿಲ್ಲ. ಬಂಕಿನಲ್ಲೀಗ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಸಿಕ್ಕಸಿಕ್ಕ ರಬ್ಬರು ಅದಕ್ಕೆ ತಾಳುವುದಿಲ್ಲ.

ಬಿಚ್ಚುವ ಮೊದಲು ಪಂಪಿನ ಫ್ಯೂಸು ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಬೇಕು. ಇಂಜೆಕ್ಟರಿನ ಬುಡದಲ್ಲಿ ಕೂತ ಕೆಂಪು ಧೂಳನ್ನು ಮೊದಲೇ ಊದಿ ತೆಗೆಯದಿದ್ದರೆ ಅದು ನೇರ ಸಿಲಿಂಡರಿಗೆ. ಹೊಸ ರಿಂಗಿಗೆ ಶುದ್ಧ ಇಂಜಿನ್ ಆಯಿಲ್ ಒಂದು ತೊಟ್ಟು ಸವರಿ, ನಾಲ್ಕೂ ಇಂಜೆಕ್ಟರುಗಳನ್ನು ರೈಲಿನ ಸಮೇತ ನೆಟ್ಟಗೆ, ಒಂದೇ ಹದದಲ್ಲಿ ಒತ್ತಬೇಕು. ಬೋಲ್ಟಿನ ಬಲದಿಂದ ಎಳೆದು ಕೂರಿಸಿದರೆ ರಿಂಗು ಕತ್ತರಿಸಿಹೋಗುತ್ತದೆ. ಎಲ್ಲ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಎರಡು ಮೂರು ಸಲ ಆನ್ ಮಾಡಿ, ಒತ್ತಡ ಏರಿದಾಗ ಎಲ್ಲಾದರೂ ಒದ್ದೆಯಾಗಿದೆಯೇ ಎಂದು ಟಾರ್ಚು ಹಿಡಿದು ನೋಡಬೇಕು.

ಡೀಸೆಲ್ ಗಾಡಿಯ ಮಾತೇ ಬೇರೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ನಮ್ಮ ಜೀಪು ಟ್ರ್ಯಾಕ್ಟರುಗಳ ಪಂಪು ನಾಜಲ್‌ಗಳನ್ನು ಮನೆಮಾತಾಗಿಸಿತು. ಆ ಗಾಡಿಗಳಲ್ಲಿ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆದು ಪಳಗಿದ ಕೈ, ಈಗಿನ ಡೀಸೆಲ್ ಗಾಡಿಗಳ ಕಾಮನ್ ರೈಲ್ ಇಂಜಿನ್ ಓಡುವಾಗ ಅದೇ ಕೆಲಸಕ್ಕೆ ಹೋಗಲೇಬಾರದು. ಅಲ್ಲಿನ ಒತ್ತಡ 1600 ಬಾರ್ ಮೀರಬಲ್ಲದು. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಅದು ತುರ್ತು ಶಸ್ತ್ರಚಿಕಿತ್ಸೆಯ ಕೇಸು. ನೋವಿಲ್ಲವೆಂದು ಕಾದರೆ ಬೆರಳೇ ಹೋಗಬಹುದು. ತಕ್ಷಣ ದೊಡ್ಡಾಸ್ಪತ್ರೆಗೆ ಹೊರಡಬೇಕು, ಒಳಹೊಕ್ಕಿದ್ದು ಡೀಸೆಲ್ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.