ಸರದಿಯ ಚೀಟಿ

ಬಿಜೈಯ ಕೆ.ಎಸ್.ಆರ್.ಟಿ.ಸಿ. ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸೊಂದನ್ನು ಕಲ್ಪಿಸಿಕೊಳ್ಳಿ. ಉಳಿದಿರುವುದು ಒಂದೇ ಆಸನ, ಬೇಡುವವರು ಇಬ್ಬರು, ಗುಮಾಸ್ತನು ಒಬ್ಬನೇ. ಮೊದಲನೆಯವರಿಗಾಗಿ ಪುಸ್ತಕ ತೆರೆದು, 'ಸ್ಥಳವಿದೆ' ಎನ್ನುತ್ತಾನೆ. ಅವರು ಹಣ ತರುವಷ್ಟರಲ್ಲಿ ಸುಮ್ಮನೆ ಕೂರಲಾರದೆ, ಎರಡನೆಯವರಿಗೂ ಅದೇ ಪುಟ ನೋಡಿ ಅದೇ ಮಾತು ಹೇಳುತ್ತಾನೆ. ಇಬ್ಬರ ಹಣವೂ ಬರುತ್ತದೆ, ಇಬ್ಬರ ಹೆಸರೂ ಏರುತ್ತದೆ. ಶಿರಾಡಿ ಘಾಟಿ ಹತ್ತುವಾಗ ಒಬ್ಬರು ನಿಂತೇ ಇರಬೇಕು. ಗುಮಾಸ್ತನ ಸೋಮಾರಿತನವಲ್ಲ, ಅವನ ಚುರುಕುತನವೇ ಇಲ್ಲಿ ಕೇಡು.

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಭಾಷೆಯ ಸ್ವಭಾವವೂ ಇದೇ. ಒಂದು ಕ್ಷಣಕ್ಕೆ ಅದು ಮಾಡುವುದು ಒಂದೇ ಕೆಲಸ. ಆದರೆ ದೂರದ ಯಂತ್ರದಿಂದ ಉತ್ತರ ಬರಬೇಕಾದಾಗ, ಕಾಯದೆ ಮುಂದಿನದಕ್ಕೆ ಕೈಹಾಕುತ್ತದೆ. ನಮ್ಮ ಹೋಟೆಲಿನ ಮಾಣಿ ದೋಸೆಗೆ ಕೂಗಿ ಹೇಳಿ ಪಕ್ಕದ ಮೇಜಿಗೆ ಹೋಗುವುದಿಲ್ಲವೆ, ಹಾಗೆ. ನಂತರ ಹೇಳಿದ ಇಡ್ಲಿ ಮೊದಲು ಬಂದರೆ ಯಾರೂ ಮುನಿಯುವುದಿಲ್ಲ. ಆಸನದ ವಿಷಯ ಹಾಗಲ್ಲ.

2017ರಲ್ಲಿ ಭಾಷೆಗೆ ಸೇರಿದ 'ಅವೈಟ್' ಪದ ಸಾಲದೆ ಎಂದು ಕೇಳಬಹುದು. ಸಾಲದು. ಅದು ಒಬ್ಬರ ಕೆಲಸದೊಳಗಿನ ಹೆಜ್ಜೆಗಳನ್ನು ಸಾಲಾಗಿಡುತ್ತದೆ. ನಡುವೆ ಇನ್ನೊಬ್ಬರ ಕೆಲಸ ನುಸುಳುವುದನ್ನು ತಡೆಯದು.

ಪರಿಹಾರ ಸರದಿಯ ಸಾಲು. ನೋಡುವುದು, ಹಣ ಪಡೆಯುವುದು, ಹೆಸರು ಬರೆಯುವುದು, ಈ ಮೂರನ್ನೂ ಸೇರಿಸಿ ಒಂದೇ ಕೆಲಸವೆಂದು ಚೀಟಿಯಲ್ಲಿ ಬರೆದು ಸಾಲಿನ ಕೊನೆಗೆ ಸೇರಿಸಬೇಕು. ಮುಂದಿನ ಚೀಟಿ ಮುಗಿಯದೆ ಹಿಂದಿನದನ್ನು ತೆರೆಯಬಾರದು. ಕಲಿಯುವವರು ಎಡವುವುದು ಒಂದು ಕಡೆ: ಸಾಲಿನಲ್ಲಿ ಇಡಬೇಕಾದದ್ದು ಇನ್ನೂ ಆರಂಭವಾಗದ ಕೆಲಸ, ಅಂದರೆ ಫಂಕ್ಷನ್. ಕರೆದುಬಿಟ್ಟ ಫಂಕ್ಷನ್ ಕೊಡುವ 'ಪ್ರಾಮಿಸ್' ಅನ್ನು ಸಾಲಿನಲ್ಲಿಟ್ಟರೆ ಪ್ರಯೋಜನವಿಲ್ಲ; ಆ ಕೆಲಸ ಆಗಲೇ ಓಡತೊಡಗಿರುತ್ತದೆ. ಬರೆಯುವುದು ಕಷ್ಟವಲ್ಲ. ಸಾಲಿನ ಬಾಲವೆಂಬ ಒಂದು ಪ್ರಾಮಿಸ್ ಇಟ್ಟುಕೊಂಡು, ಹೊಸ ಕೆಲಸವನ್ನು 'ದೆನ್' ಮೂಲಕ ಅದಕ್ಕೆ ಗಂಟುಹಾಕಿ, ದೊರೆತದ್ದನ್ನೇ ಹೊಸ ಬಾಲವೆನ್ನಬೇಕು. ನಾಲ್ಕಾರು ಸಾಲಿನ ಬರಹ, ಅಷ್ಟೆ.

ಒಂದು ಕೆಲಸ ಕೆಟ್ಟರೆ? ಗಂಟು ಹಾಗೆಯೇ ಬಿಟ್ಟರೆ ಹಿಂದಿನವುಗಳೆಲ್ಲ ಆರಂಭವಾಗದೆಯೇ ಕೆಡುತ್ತವೆ. ಆದ್ದರಿಂದ ಸೋಲಿನ ಸುದ್ದಿ ಕೇಳಿದವರಿಗೆ ಮುಟ್ಟಬೇಕು, ಬಾಲಕ್ಕೆ ಮುಟ್ಟಬಾರದು. ಸೋಲಿಗಿಂತ ಮೌನ ಕೆಟ್ಟದ್ದು: ಹಣ ತರಲು ಹೋದವರು ಮರಳದಿದ್ದರೆ ಸಾಲೇ ನಿಂತಿತು. ಪ್ರತಿ ಚೀಟಿಗೂ ಕಾಲಮಿತಿಯಿರಬೇಕು.

ಎಲ್ಲವನ್ನೂ ಸಾಲಿಗೆ ನಿಲ್ಲಿಸುವ ಉತ್ಸಾಹ ನನಗೆ ಹಿಡಿಸದು. ಮಡಿಕೇರಿಯ ಬಸ್ಸು ಬೆಂಗಳೂರಿನ ಚೀಟಿಗೆ ಏಕೆ ಕಾಯಬೇಕು? ಬಸ್ಸಿಗೊಂದು ಸಾಲು ಸಾಕು. ಇನ್ನು, ಈ ಸಾಲು ಇರುವುದು ಒಂದು ಕಿಟಕಿಯೊಳಗೆ ಮಾತ್ರ. ಎರಡು ಯಂತ್ರಗಳಲ್ಲಿ ಎರಡು ಕಿಟಕಿ ತೆರೆದರೆ ಇಬ್ಬರು ಗುಮಾಸ್ತರೂ ತಮ್ಮ ತಮ್ಮ ಸಾಲನ್ನು ನಿಷ್ಠೆಯಿಂದ ನಡೆಸುತ್ತ ಒಂದೇ ಆಸನವನ್ನು ಮಾರಬಲ್ಲರು. ಆಗ ಬೀಗ ಬೀಳಬೇಕಾದದ್ದು ಪುಸ್ತಕಕ್ಕೆ, ಎಂದರೆ ದತ್ತಾಂಶದ ಕಣಜಕ್ಕೆ.