ಹಿಂದೆ ನಿಂತು ಕಾದವರು: ಜಪಾನಿನ ಯೂಜಿ ನಕಜಾವ

ಫುಟ್‌ಬಾಲ್ ಪಂದ್ಯದ ಮಾರನೆಯ ದಿನ ಪತ್ರಿಕೆಯಲ್ಲಿ ಗೋಲು ಹೊಡೆದವರ ಹೆಸರು ಬರುತ್ತದೆ. ಗೋಲಾಗದಂತೆ ತಡೆದವರ ಹೆಸರು ಬರುವುದು ಅಪರೂಪ. ಗೋಲ್‌ಕೀಪರನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರಿಗೆ ಡಿಫೆಂಡರ್ ಎಂದು ಹೆಸರು. ಕನ್ನಡದಲ್ಲಿ ರಕ್ಷಣೆಯ ಆಟಗಾರರೆನ್ನಬಹುದು. ಇವರ ಕೆಲಸ ಲೆಕ್ಕದ ಪುಸ್ತಕ ಬರೆಯುವವರ ಕೆಲಸವಿದ್ದ ಹಾಗೆ. ಸಾವಿರ ಸಾಲು ಸರಿಯಾಗಿದ್ದರೆ ಯಾರೂ ಕೇಳುವುದಿಲ್ಲ. ಒಂದು ಸಾಲು ತಪ್ಪಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಂಥ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದ ಜಪಾನಿನ ಯೂಜಿ ನಕಜಾವ ಅವರ ಪರಿಚಯವನ್ನು ವಾಚಕ ಮಿತ್ರರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಮೊದಲು ಅಲ್ಲಿನ ಆಟದ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. ಜಪಾನಿನಲ್ಲಿ ಫುಟ್‌ಬಾಲ್ ಬಹುಕಾಲ ಕಂಪನಿಗಳ ಆಶ್ರಯದಲ್ಲಿ ಬೆಳೆಯಿತು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ತಂಡಗಳನ್ನು ಕಟ್ಟಿದಂತೆಯೇ ಅಲ್ಲಿಯೂ ದೊಡ್ಡ ಕಾರ್ಖಾನೆಗಳು ತಮ್ಮ ನೌಕರರ ತಂಡಗಳನ್ನು ಕಟ್ಟಿದ್ದವು. ೧೯೯೩ರಲ್ಲಿ ‘ಜೆ ಲೀಗ್’ ಎಂಬ ವೃತ್ತಿಪರ ಪಂದ್ಯಾವಳಿ ಆರಂಭವಾದ ಮೇಲೆ ಆಟವೇ ಜೀವನೋಪಾಯವಾಗುವ ದಾರಿ ತೆರೆಯಿತು. ನಿಸ್ಸಾನ್ ಮೋಟಾರು ಕಂಪನಿಯ ತಂಡವೇ ಮುಂದೆ ಯೊಕೊಹಾಮಾ ನಗರದ ಮರಿನೋಸ್ ತಂಡವಾಯಿತು.

ನಕಜಾವ ಹುಟ್ಟಿದ್ದು ೧೯೭೮ರ ಫೆಬ್ರವರಿ ೨೫ರಂದು, ಟೋಕಿಯೋದ ಉತ್ತರಕ್ಕಿರುವ ಸೈತಾಮಾ ಪ್ರಾಂತದಲ್ಲಿ. ಓದಿದ್ದು ಒಂದು ತಾಂತ್ರಿಕ ಪ್ರೌಢಶಾಲೆಯಲ್ಲಿ. ಶಾಲೆ ಮುಗಿದಾಗ ಯಾವ ವೃತ್ತಿಪರ ತಂಡವೂ ಅವರನ್ನು ಕರೆಯಲಿಲ್ಲ. ಆಟ ಕಲಿಯಲೆಂದು ಅವರು ಭೂಮಿಯ ಇನ್ನೊಂದು ಬದಿಯಲ್ಲಿರುವ ಬ್ರೆಜಿಲ್ ದೇಶಕ್ಕೆ ಹೋಗಿ, ಅಮೆರಿಕಾ ಮಿನೇರೊ ಎಂಬ ಕ್ಲಬ್ಬಿನ ಕಿರಿಯರ ತಂಡದಲ್ಲಿ ಅಭ್ಯಾಸ ಮಾಡಿದರು. ಹಿಂದಿರುಗಿ ಬಂದಾಗಲೂ ಕೈಯಲ್ಲಿ ಕೆಲಸವಿರಲಿಲ್ಲ.

೧೯೯೮ರಲ್ಲಿ ವೆರ್ಡಿ ಕವಾಸಾಕಿ ತಂಡ ಅವರನ್ನು ಅಭ್ಯಾಸಕ್ಕೆ ಮಾತ್ರ ಸೇರಿಸಿಕೊಂಡಿತು. ಕರಾರಿಲ್ಲ, ಸಂಬಳವಿಲ್ಲ. ಗಿರಣಿಯ ಗೇಟಿನಲ್ಲಿ ಬದಲಿ ಕೆಲಸಕ್ಕೆ ಕಾದವರ ಪಾಡನ್ನು ಕಂಡವರಿಗೆ ಇದು ಅರ್ಥವಾದೀತು. ಆದರೆ ಬದಲಿಯವನಿಗೆ ದುಡಿದ ದಿನದ ಕೂಲಿಯಾದರೂ ಸಿಗುತ್ತಿತ್ತು; ಇವರಿಗೆ ಅದೂ ಇರಲಿಲ್ಲ. ಮರುವರ್ಷ ಕರಾರಾಯಿತು. ೧೯೯೯ರಲ್ಲಿ ಜೆ ಲೀಗಿನ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿಯೂ ಅವರಿಗೇ ಬಂದಿತು. ೨೦೦೦ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಆಡಿದರು. ಅದೇ ವರ್ಷ ಏಷ್ಯಾ ಕಪ್ ಗೆದ್ದ ಜಪಾನ್ ತಂಡದಲ್ಲಿಯೂ ಇದ್ದರು.

ಏರಿದಷ್ಟೇ ಬೇಗ ಒಂದು ಪೆಟ್ಟೂ ಬಿದ್ದಿತು. ೨೦೦೨ರ ವಿಶ್ವಕಪ್ ನಡೆದದ್ದು ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ. ತಮ್ಮದೇ ದೇಶದಲ್ಲಿ ನಡೆದ ಆ ಪಂದ್ಯಾವಳಿಗೆ ಆರಿಸಿದ ೨೩ ಜನರಲ್ಲಿ ನಕಜಾವ ಅವರ ಹೆಸರಿರಲಿಲ್ಲ. ಆ ವರ್ಷವೇ ಅವರು ಯೊಕೊಹಾಮಾದ ತಂಡವನ್ನು ಸೇರಿದ್ದರು. ತಕೇಶಿ ಒಕಾಡಾ ಎಂಬ ತರಬೇತುದಾರರ ಕೈಕೆಳಗೆ ಆ ತಂಡ ೨೦೦೩ ಮತ್ತು ೨೦೦೪ರಲ್ಲಿ ಲೀಗ್ ಗೆದ್ದಿತು. ೨೦೦೪ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನೆಂಬ ಗೌರವ ನಕಜಾವ ಅವರಿಗೆ ದೊರೆಯಿತು. ಗೋಲು ಹೊಡೆಯುವವರಿಗೇ ಹೆಚ್ಚಾಗಿ ಸಲ್ಲುವ ಗೌರವವಿದು.

ಅದೇ ವರ್ಷ ಚೀನಾದಲ್ಲಿ ಏಷ್ಯಾ ಕಪ್ ನಡೆಯಿತು. ಸೆಮಿಫೈನಲಿನಲ್ಲಿ ಬಹರೇನ್ ತಂಡ ೩–೨ರಿಂದ ಮುಂದಿತ್ತು. ಒಬ್ಬನನ್ನು ರೆಫರಿ ಹೊರಗೆ ಕಳಿಸಿದ್ದರಿಂದ ಜಪಾನಿನವರು ಹತ್ತೇ ಜನ ಆಡುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಹಿಂಬದಿಯಿಂದ ಮುಂದಕ್ಕೆ ಬಂದ ನಕಜಾವ ತಲೆಯಿಂದ ಚೆಂಡನ್ನು ಗೋಲಿಗೆ ತಳ್ಳಿ ಸಮ ಮಾಡಿದರು. ಹೆಚ್ಚಿನ ಸಮಯದಲ್ಲಿ ಜಪಾನ್ ೪–೩ರಿಂದ ಗೆದ್ದು, ಫೈನಲಿನಲ್ಲಿ ಚೀನಾವನ್ನೂ ಸೋಲಿಸಿತು.

೨೦೦೬ರ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾದ ಎದುರು ಒಂದು ಗೋಲಿನಿಂದ ಮುಂದಿದ್ದ ಜಪಾನ್, ೮೪ನೆಯ ನಿಮಿಷದಿಂದಾಚೆಗೆ ಮೂರು ಗೋಲು ಬಿಟ್ಟುಕೊಟ್ಟು ಸೋತಿತು. ಎಂಬತ್ತು ನಿಮಿಷಕ್ಕೂ ಮಿಕ್ಕಿದ ಕಾವಲು ಹತ್ತು ನಿಮಿಷದೊಳಗೆ ಮಣ್ಣುಪಾಲಾಯಿತು. ಪಂದ್ಯಾವಳಿಯ ಬಳಿಕ ಅವರು ರಾಷ್ಟ್ರತಂಡದಿಂದ ಹಿಂದೆ ಸರಿದರು. ೨೦೦೭ರಲ್ಲಿ ಮರಳಿ ಬಂದರು.

೨೦೧೦ರ ವಿಶ್ವಕಪ್ ಅವರ ಸ್ವಭಾವಕ್ಕೆ ಒಂದು ಪರೀಕ್ಷೆ. ಪಂದ್ಯಗಳು ಆರಂಭವಾಗುವುದಕ್ಕೆ ಸ್ವಲ್ಪ ಮೊದಲು, ರಾಷ್ಟ್ರತಂಡದ ತರಬೇತುದಾರರಾಗಿದ್ದ ಅದೇ ಒಕಾಡಾ, ನಾಯಕತ್ವವನ್ನು ಇವರಿಂದ ತೆಗೆದು ೨೬ ವರ್ಷದ ಮಕೊಟೊ ಹಸೇಬೆಗೆ ಕೊಟ್ಟರು. ಹಿರಿಯನಾದವನಿಗೆ ಇದು ಸಣ್ಣ ಮಾತಲ್ಲ. ನಕಜಾವ ನಾಲ್ಕು ಪಂದ್ಯಗಳಲ್ಲಿಯೂ ತಮ್ಮ ಜಾಗದಲ್ಲಿ ನಿಂತು ಆಡಿದರು. ಆ ನಾಲ್ಕು ಪಂದ್ಯಗಳಲ್ಲಿ ಜಪಾನ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಪರಾಗ್ವೆ ದೇಶದೊಡನೆ ಗೋಲಿಲ್ಲದೆ ಸಮನಾಗಿ, ಪೆನಾಲ್ಟಿ ಒದೆತಗಳಲ್ಲಿ ಮಾತ್ರ ಸೋತು ಹೊರಬಿದ್ದಿತು. ರಾಷ್ಟ್ರತಂಡದ ಪರವಾಗಿ ಅವರು ಆಡಿದ್ದು ಒಟ್ಟು ೧೧೦ ಪಂದ್ಯ. ಹೊಡೆದ ಗೋಲು ೧೭.

ಆದರೆ ಲೆಕ್ಕ ಬರೆಯುವವನಾದ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಖ್ಯೆ. ೨೦೧೩ರಿಂದ ೨೦೧೮ರವರೆಗೆ ಅವರು ಲೀಗಿನ ೧೭೮ ಪಂದ್ಯಗಳನ್ನು ಒಂದನ್ನೂ ಬಿಡದೆ, ಒಂದರಲ್ಲಿಯೂ ಅರ್ಧಕ್ಕೆ ಹೊರಬಾರದೆ ಆಡಿದರು. ಪಂದ್ಯಕ್ಕೆ ೯೦ ನಿಮಿಷದಂತೆ ೧೬,೦೨೦ ನಿಮಿಷಗಳಾದವು. ಅದೂ ೩೫ ದಾಟಿದ ಮೇಲೆ! ಕೊನೆಗೆ ಮೊಣಕಾಲಿನ ನೋವು ಆ ಹಾಜರಿಯನ್ನು ನಿಲ್ಲಿಸಿತು. ೨೦೧೯ರ ಜನವರಿಯಲ್ಲಿ, ತಮ್ಮ ೪೦ನೆಯ ವಯಸ್ಸಿನಲ್ಲಿ, ಅವರು ನಿವೃತ್ತಿಯನ್ನು ಪ್ರಕಟಿಸಿದರು.

ಸಂಬಳವಿಲ್ಲದೆ ದುಡಿಸಿಕೊಳ್ಳುವುದು ನ್ಯಾಯವೆಂದು ಈ ಚರಿತ್ರೆಯಿಂದ ಯಾರೂ ತಿಳಿಯಬಾರದು. ಹಾಗೆ ಕಾದವರೆಲ್ಲರಿಗೂ ಬಾಗಿಲು ತೆರೆಯುವುದಿಲ್ಲ. ತೆರೆಯದಿದ್ದರೆ ಅದು ಅವರ ದೋಷವೂ ಅಲ್ಲ. ಇಲ್ಲಿ ಮೆಚ್ಚತಕ್ಕದ್ದು ಬೇರೆ. ಬಾಗಿಲು ತೆರೆದ ಮೇಲೆಯೂ, ಹೆಸರು ಬಂದ ಮೇಲೆಯೂ, ಪದವಿ ಹೋದ ಮೇಲೆಯೂ ಇವರು ಕೆಲಸದ ಅಳತೆಯನ್ನು ಬದಲಿಸಲಿಲ್ಲ.

ಮಿತ್ರರು ಇನ್ನೊಮ್ಮೆ ಫುಟ್‌ಬಾಲ್ ನೋಡುವಾಗ ಹತ್ತು ನಿಮಿಷ ಚೆಂಡನ್ನು ಬಿಟ್ಟು ಹಿಂಬದಿಯ ಆಟಗಾರನನ್ನೇ ಗಮನಿಸಬೇಕು. ಚೆಂಡು ಬರುವ ಮೊದಲೇ ಆತ ಎರಡು ಹೆಜ್ಜೆ ಸರಿದು ನಿಂತಿರುತ್ತಾನೆ. ಆ ಎರಡು ಹೆಜ್ಜೆಯಿಂದ ತಪ್ಪಿದ ಗೋಲು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ.