ಯಾವ ಪಿಕ್ಚರ್ ಹಾಡೂ ಅಲ್ಲ ಗುರೂ, ಇದು ಬೆಂಗಳೂರಿನ ಹೆವಿ ಮೆಟಲ್!

ಕೋಲಾರದ ಬಸ್ ನಿಲ್ದಾಣ. ಬೆಳಿಗ್ಗೆ ಏಳೂವರೆ. ಮುಳಬಾಗಿಲಿನಿಂದ ಬಂದಿಳಿದು ಮಾಲೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆ ಕುಣಿಸುತ್ತಿದ್ದೆ. ಅಂಗಿ ಮೇಲೆ ರಾಕಿ ಭಾಯ್ ಚಿತ್ರ ಹಾಕಿಕೊಂಡಿದ್ದ ಹುಡುಗನೊಬ್ಬ ತಡೆಯಲಾರದೆ ಕೇಳಿಯೇಬಿಟ್ಟ: “ಯಾವ ಪಿಕ್ಚರ್ ಹಾಡಣ್ಣಾ?”

ಒಂದು ಕಡೆಯದನ್ನು ಕಿತ್ತು ಅವನ ಕಿವಿಗೆ ಕೊಟ್ಟೆ. ಹತ್ತು ಸೆಕೆಂಡು ಕೇಳಿ ಮುಖ ಕಿವುಚಿದ. “ಏನಣ್ಣಾ ಇದು, ಡ್ರೈವರ್ ಗೇರ್ ಹಾಕ್ತಾವ್ನಾ?”

ನಗು ಬಂತು. “ಯಾವ ಪಿಕ್ಚರ್‌ದೂ ಅಲ್ಲ ಗುರೂ. ನಮ್ಮ ಬೆಂಗಳೂರಿನವರದೇ” ಅಂದೆ. ನಂಬಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅವನಿಗೆ ಅಂದು ಹೇಳಲಾಗದೆ ಉಳಿದಿದ್ದನ್ನು ಈಗ ಇಲ್ಲಿ ಹೇಳುತ್ತಿದ್ದೇನೆ.

ಯಾರಿವರು?

ತಂಡದ ಹೆಸರು ಕ್ರಿಪ್ಟೋಸ್. ಹುಟ್ಟಿದ್ದು 1998ರಲ್ಲಿ, ಬೆಂಗಳೂರಿನಲ್ಲಿ. ಕಟ್ಟಿದವರು ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ. ನೋಲನ್ ಇಂದಿಗೂ ಗಿಟಾರ್ ಹಿಡಿದು ಹಾಡುತ್ತಾರೆ. ಅವರ ಪಕ್ಕದ ಇನ್ನೊಂದು ಗಿಟಾರ್ ರೋಹಿತ್ ಚತುರ್ವೇದಿಯವರದು. ಗಣೇಶ್ ಮುಂದೆ ಬೇರೆ ತಂಡ ಸೇರಿ ಹಾಡತೊಡಗಿದರು. ಆ ತಂಡದ ಹೆಸರು ‘ಬೇವರ್ ಸೀ’! ಬಿಡಿಸಿ ಓದಿದರೆ ಇಂಗ್ಲಿಷು, ಕೂಡಿಸಿ ಓದಿದರೆ ನಮ್ಮೂರ ಅಪ್ಪಂದಿರು ದಿನಾ ಬೆಳಿಗ್ಗೆ ಮಾಡುವ ಮಂಗಳಾರತಿ. ಇವರು ಕನ್ನಡದ ನೆಲದವರೇ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ?

ಇಪ್ಪತ್ತು ವರ್ಷ, ಏಳು ಆಲ್ಬಮ್

ಮೊದಲನೆಯದು ‘ಸ್ಪೈರಲ್ ಅಸೆಂಟ್’, 2004. ಎರಡನೆಯದು ‘ದಿ ಆರ್ಕ್ ಆಫ್ ಜೆಮಿನಿ’, 2008. ಇದನ್ನು ಹೊರತಂದದ್ದು ಅಮೆರಿಕದ ಒಂದು ಸಣ್ಣ ಕಂಪನಿ. 2012ರಲ್ಲಿ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ ಬಂತು. ಈ ಸಲ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಕೈಹಿಡಿಯಿತು. ಹಿಡಿದ ಕೈ ಬಿಡಲಿಲ್ಲ. 2016ರಲ್ಲಿ ‘ಬರ್ನ್ ಅಪ್ ದ ನೈಟ್’, 2019ರಲ್ಲಿ ‘ಆಫ್ಟರ್‌ಬರ್ನರ್’, 2021ರಲ್ಲಿ ‘ಫೋರ್ಸ್ ಆಫ್ ಡೇಂಜರ್’, 2024ರಲ್ಲಿ ‘ಡೆಸಿಮೇಟರ್’.

ಜರ್ಮನಿಯಲ್ಲಿ ವಾಕೆನ್ ಅಂತ ಒಂದು ಹಳ್ಳಿ ಇದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. 1990ರಿಂದ ಅಲ್ಲಿ ವರ್ಷಕ್ಕೊಮ್ಮೆ ಹೆವಿ ಮೆಟಲ್ ಜಾತ್ರೆ. ಈಗೀಗ ಎಪ್ಪತ್ತು ಸಾವಿರದ ಮೇಲೆ ಜನ ಸೇರುತ್ತಾರೆ. ಮಳೆ ಬಂದರೆ ಕೆಸರಲ್ಲೇ ಕುಣಿತ. 2013ರಲ್ಲಿ ಆ ಜಾತ್ರೆಯ ವೇದಿಕೆ ಹತ್ತಿದ ಕ್ರಿಪ್ಟೋಸ್, 2017ರಲ್ಲಿ ಮತ್ತೊಮ್ಮೆ ಹೋಗಿಬಂತು. ಇಲ್ಲಿ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ “ಗೇರ್ ಹಾಕ್ತಾವ್ನಾ?”

ಕೇಳೋದು ಹೇಗೆ?

ಹೆವಿ ಮೆಟಲ್ ಅಂದರೆ ಬರೀ ಗದ್ದಲ ಅನ್ನುವವರಿಗೆ ಒಂದು ಮಾತು. ಹಳೇ ಟೂರಿಂಗ್ ಟಾಕೀಸಿನಲ್ಲಿ ಫೈಟಿಂಗ್ ಸೀನ್ ಬಂದಾಗ ಸ್ಪೀಕರ್ ತಡೆಯಲಾರದೆ ‘ಖರ್ರ್’ ಅಂತಿತ್ತು, ಕೇಳಿದವರು ಹೇಳುತ್ತಾರೆ. ಆಂಪ್ಲಿಫೈಯರ್ ಅನ್ನು ಅದರ ಶಕ್ತಿ ಮೀರಿ ದುಡಿಸಿದರೆ ಬರುವ ಸದ್ದು ಅದು. ಟಾಕೀಸಿನವನಿಗೆ ಅದು ರಿಪೇರಿ ಕೆಲಸ, ಮೆಟಲ್ ಗಿಟಾರಿನವನಿಗೆ ಅದೇ ಬಂಡವಾಳ!

ಕ್ರಿಪ್ಟೋಸ್‌ನ ಜೀವ ಇರೋದು ಎರಡು ಗಿಟಾರಿನ ಜೋಡಿಯಲ್ಲಿ. ಒಂದು ‘ಸ’ ಹಿಡಿದರೆ ಇನ್ನೊಂದು ಅದರ ಮೇಲಿನ ‘ಗ’ ಹಿಡಿದು, ಜೋಡೆತ್ತಿನ ಹಾಗೆ ಜೊತೆಜೊತೆಗೇ ಓಡುತ್ತವೆ. ಇದು ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ಎಂಬ ಇಂಗ್ಲೆಂಡಿನ ತಂಡಗಳು ಹಾಕಿಕೊಟ್ಟ ದಾರಿ. ಅಲ್ಲಿನ ಗಾಯಕರು ಗಂಟಲು ಮೇಲೇರಿಸಿ ಕೂಗುತ್ತಾರೆ. ನಮ್ಮ ನೋಲನ್ ಹಾಗಲ್ಲ. ಗಂಟಲು ಗೀರಿಕೊಂಡು ಹೇಳುವುದೇ ಅವರ ರೀತಿ. ರಾಗವೆಲ್ಲ ಗಿಟಾರಿಗೆ ಬಿಟ್ಟು, ಕೋಪ ಮಾತ್ರ ತಾವಿಟ್ಟುಕೊಂಡ ಹಾಗೆ!

ನಮ್ಮ ಸೀಮೆಯ ಕಿವಿಗೆ ಈ ಪೆಟ್ಟು ಹೊಸದಲ್ಲ ಸ್ವಾಮಿ. ಬೆಂಕಿಗೆ ಕಾಯಿಸಿದ ತಮಟೆ ಊರಹಬ್ಬದಲ್ಲಿ ಎದೆಗೇ ಬಡಿದಂತಾಗೋದು ನಮಗೆ ಗೊತ್ತಿಲ್ಲವೇ? 2007ರವರೆಗೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದ್ದ ಶಿಡ್ಲಘಟ್ಟ ಕಡೆಯ ಮುನಿವೆಂಕಟಪ್ಪನವರ ತಮಟೆಗೆ 2022ರಲ್ಲಿ ಪದ್ಮಶ್ರೀ ಬಂತು.

ಕನ್ನಡ ಅಲ್ಲವಲ್ಲ!

ಹಾಡೆಲ್ಲ ಇಂಗ್ಲಿಷು, ನಿಜ. ನನಗೂ ಆ ಕೊರಗಿದೆ. ಆದರೆ ಗಡಿಯಲ್ಲಿ ಹುಟ್ಟಿದವರು ನಾವು. ಮುಳಬಾಗಿಲಲ್ಲಿ, ಶ್ರೀನಿವಾಸಪುರದಲ್ಲಿ ತೆಲುಗು ಹಾಡಿಗೆ ಶಿಳ್ಳೆ ಹೊಡೆಯುತ್ತೇವೆ, ತಮಿಳು ಹಾಡಿಗೆ ಹೆಜ್ಜೆ ಹಾಕುತ್ತೇವೆ. ಅಷ್ಟೇಕೆ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಅಣ್ಣಾವ್ರೇ ಇಂಗ್ಲಿಷ್ ಹಾಡು ಹಾಡಲಿಲ್ಲವೇ? ಅಂದು ಕುಣಿದ ನಾಡಿಗೆ ಇಂದು ಭಾಷೆಯ ನೆಪ ಯಾಕೆ?

ನನ್ನ ಗಿಟಾರಿನ ಕಥೆ

ಈಗ ನನ್ನ ವಿಷಯ. ಒಂದು ಕಾಲಕ್ಕೆ ಕೋಲಾರದ ಆರ್ಕೆಸ್ಟ್ರಾ ಒಂದರಲ್ಲಿ ನಾನೂ ಗಿಟಾರ್ ಬಾರಿಸುತ್ತಿದ್ದೆ. ಗಣೇಶನ ಹಬ್ಬ, ಮದುವೆ, ರಾಜ್ಯೋತ್ಸವ. ಶ್ರೀನಿವಾಸಪುರದ ಗೆಳೆಯ ಡ್ರಮ್ಸ್. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಇಬ್ಬರೂ ಸರ್ಕಾರಿ ಬಸ್ ಹತ್ತಿದ್ದೆವು. ಅಲ್ಲಿ ಸಿಕ್ಕ ಒಬ್ಬರ ಬಾಯಲ್ಲಿ ಮೊದಲು ಕೇಳಿದ್ದು: “ನಮ್ಮೂರಲ್ಲೂ ಒಂದು ತಂಡ ಇದೆ ಕಣ್ರೀ, ಕ್ರಿಪ್ಟೋಸ್.”

ಹುಡುಕಿ ಕೇಳಿದೆವು. ಹುಚ್ಚೇ ಹಿಡಿಯಿತು. ಸಿನಿಮಾ ಹಾಡಿನ ನಡುವೆ ನಾನೂ ಅಂಥದ್ದೇ ಒಂದು ತುಣುಕು ತೂರಿಸತೊಡಗಿದೆ. ಜನ “ಹಾಡು ಹಾಕ್ರಪ್ಪಾ!” ಅಂತ ಕೂಗಿದರು. ಆರ್ಕೆಸ್ಟ್ರಾ ಯಜಮಾನರು ಕೆಂಗಣ್ಣು ಬಿಟ್ಟರು.

2012. ತೋಟದಲ್ಲಿ ಬೋರ್‌ವೆಲ್ ಬತ್ತಿತು. ಹೊಸದು ಕೊರೆಸಲು ಅಪ್ಪ ಹಣ ಹೊಂದಿಸುತ್ತಿದ್ದರು. ಗಿಟಾರು, ಆಂಪ್ಲಿಫೈಯರು ಎರಡನ್ನೂ ಮಾರಿ ಕೈಗೆ ಕೊಟ್ಟೆ. ಸಾವಿರದ ಇನ್ನೂರು ಅಡಿ ಹೋದರೂ ಬಂದಿದ್ದು ಬರೀ ದೂಳು. ನಾನು ಮಾಲೂರಿನ ಕಾರ್ಖಾನೆ ಸೇರಿದೆ. ‘ಕಾಯಿಲ್ಸ್ ಆಫ್ ಅಪೋಲಿಯನ್’ ಬಂದದ್ದೂ ಅದೇ ವರ್ಷ. ನಾಲ್ಕು ವರ್ಷ ಅದನ್ನು ಮುಟ್ಟಲಿಲ್ಲ. ಹೊಟ್ಟೆಕಿಚ್ಚು, ಇನ್ನೇನು?

ಆಮೇಲೆ ಒಂದು ದಿನ ಬಸ್ಸಿನಲ್ಲಿ, ಆಗ ಬಂದಿದ್ದ ನಾಲ್ಕನ್ನೂ ಸಾಲಾಗಿ ಕೇಳಿದೆ. ಆಗ ಹೊಳೆಯಿತು. ಮೊದಲ ಆಲ್ಬಮ್‌ಗಳಲ್ಲಿ ಹಾಡು ಉದ್ದ, ತಿರುವು ಜಾಸ್ತಿ, ಬಂದ ವಿದ್ಯೆಯನ್ನೆಲ್ಲ ತೋರಿಸುವ ಆತುರ. ‘ಬರ್ನ್ ಅಪ್ ದ ನೈಟ್’ಗೆ ಬರುವ ಹೊತ್ತಿಗೆ ಬೇಡದ್ದನ್ನೆಲ್ಲ ಕಿತ್ತೆಸೆದಿದ್ದರು. ಒಂದು ರಿಫ್, ಒಂದು ಓಟ, ನೆನಪಲ್ಲಿ ಉಳಿಯುವ ಒಂದು ರಾಗ. ಆಮೇಲೆ ಬಂದ ‘ಆಫ್ಟರ್‌ಬರ್ನರ್’ನಲ್ಲಿ ಎಂಟೇ ಹಾಡು. ಮುಳಬಾಗಿಲಲ್ಲಿ ಶುರು ಮಾಡಿದರೆ ಕೋಲಾರ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ.

ವರ್ಷ ಕಳೆದಂತೆ ಗಟ್ಟಿಯಾಗೋದು ಅಂದರೆ ಇದೇ ಅಲ್ಲವೇ? ವೇದಿಕೆ ಮೇಲೆ ನಾನು ಬರೀ ಬೆರಳಿನ ವೇಗ ತೋರಿಸುತ್ತಿದ್ದೆ. ಜನ “ಹಾಡು ಹಾಕ್ರಪ್ಪಾ” ಅಂದದ್ದು ಸರಿಯಾಗೇ ಇತ್ತು!

ಸಿನಿಮಾದವರು ಕರೆಯಲಿ ಅಂತ ಕಾಯದೆ, ಮೆಚ್ಚುವವರು ಕಡಿಮೆ ಅಂತ ದಾರಿ ಬಿಡದೆ ಇವರು ಏಳು ಆಲ್ಬಮ್ ಮಾಡಿದ್ದಾರೆ. ನಾನು ಸೋತದ್ದಕ್ಕೆ ಬೋರ್‌ವೆಲ್ ಅರ್ಧ ಕಾರಣ. ಇನ್ನರ್ಧ ನಾನೇ. ಕಳೆದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಗೆಳೆಯನಿಗೆ ಇದನ್ನೇ ಹೇಳಿದೆ. ಕಾಯಿ ತೂಗುತ್ತಿದ್ದವನು ತಲೆ ಎತ್ತದೇ ಅಂದ: “ಡ್ರಮ್ಸ್ ಇನ್ನೂ ಅಟ್ಟದ ಮೇಲೈತೆ ಕಣೋ.”

ಇನ್ನು ನಿಮಗೊಂದು ಸಲಹೆ. ಮೊದಲು 2019ರದ್ದು ಕೇಳಿ. ಹಿಡಿಸಿದರೆ 2012ರದ್ದು, ಅದರಲ್ಲಿ ‘ದಿ ಮಾಸ್ಕ್ ಆಫ್ ಅನೂಬಿಸ್’ ಬಿಡಬೇಡಿ. ಕೊನೆಗೆ 2004ರದ್ದು. ಹಿಡಿಸದಿದ್ದರೆ ನನ್ನನ್ನು ಧಾರಾಳವಾಗಿ ಬೈಯಿರಿ. ಬೈಯೋಕೆ ಮುಂಚೆ ಏಳನ್ನೂ ಕೇಳಿರಬೇಕು, ಅಷ್ಟೇ ಷರತ್ತು!

ರಾಕಿ ಭಾಯ್ ಅಂಗಿಯ ತಮ್ಮಾ, ಮಾಲೂರು ಬಸ್ಸಿನ ಹತ್ತಿರ ಮತ್ತೆ ಸಿಕ್ಕರೆ ಈ ಸಲ ಎರಡೂ ಕಿವಿಗೆ ಕೊಡುತ್ತೇನೆ.